ನಾಲಿಗೆಯ ಅಡಿಗೆ ಐದು ಹನಿ

ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಬೈಂದೂರಿನ ಮೆಡಿಕಲ್ ಶಾಪಿನಲ್ಲಿ ಒಬ್ಬ ಅಜ್ಜನಿಗೆ ಕಣ್ಣಿನ ಮದ್ದು ಬಿಟ್ಟುಕೊಳ್ಳುವುದು ಹೇಗೆಂದು ತೋರಿಸುತ್ತಿದ್ದೆ. ಫೋನಿನಲ್ಲಿ ಬಂದ ಸಾಲನ್ನು ಓದಿದೆ, ಫೋನನ್ನು ಕವುಚಿ ಇಟ್ಟೆ, ಅಜ್ಜನಿಗೆ ಮತ್ತೊಮ್ಮೆ ಮೊದಲಿನಿಂದ ತೋರಿಸಿದೆ. ಅವರ ಹತ್ತಿರ ಕಲಿತವರಲ್ಲಿ ಸುಮಾರು ಜನ ಅಂದು ಬ್ರಹ್ಮಾವರಕ್ಕೆ ಹೋದರು. ನಾನು ಹೋಗಲಿಲ್ಲ. ಕೇಳಿದವರಿಗೆ ರಜೆ ಸಿಗಲಿಲ್ಲ ಎಂದೆ. ನಿಜವಾದ ಕಾರಣ ಹೇಳುವುದಾದರೆ ಅವರು ಎಂಥ ಮನುಷ್ಯ ಎಂಬಲ್ಲಿಂದ ಶುರು ಮಾಡಬೇಕು. ಅದು ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ.

ಅವರು ಫಾರ್ಮಸಿ ಕಾಲೇಜಿನಲ್ಲಿ ನಮಗೆ ಔಷಧಶಾಸ್ತ್ರ ಕಲಿಸಿದವರು. ನಿವೃತ್ತಿಯಾದ ಮೇಲೆ ಬ್ರಹ್ಮಾವರದಲ್ಲಿ ಬಸ್ ನಿಲ್ದಾಣಕ್ಕೆ ಹತ್ತಿರವೇ ಒಂದು ಮೆಡಿಕಲ್ ಶಾಪ್ ಹಾಕಿ, ಆಗ ಕೆಲಸ ಹುಡುಕುತ್ತಿದ್ದ ನನಗೆ ಫೋನ್ ಮಾಡಿದರು. "ಬಪ್ಪುದಾರೆ ನಾಳೆಯಿಂದ್ಲೇ ಬಾ" ಅಂದರು. ಸಂದರ್ಶನ ಅಂತ ಏನೂ ಮಾಡಲಿಲ್ಲ. ಮೊದಲ ದಿನ ನಾನು ಒಂದು ಮಾತ್ರೆಯ ಪಟ್ಟಿಯನ್ನು ಕೈಯಲ್ಲೇ ಹರಿದು ಗಿರಾಕಿಗೆ ಕೊಟ್ಟೆ. ಅವರು ಆ ಗಿರಾಕಿಯನ್ನು ವಾಪಸು ಕರೆದು, ಪಟ್ಟಿಯನ್ನು ಇಸಿದುಕೊಂಡು, ಬೇರೆಯದನ್ನು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟೇ ಸಣ್ಣ ತುಂಡಾದ್ರೂ ಅದರ ಮೇಲೆ ಮದ್ದಿನ ಹೆಸರಿರ್ಕ್. ಹೆಸರಿಲ್ದೆ ಇದ್ದದ್ದನ್ನ ಕೊಡುಕೂ ಆಗ, ತಕಂಬುಕೂ ಆಗ" ಎಂದರು. ಅವರ ಬಿಳಿ ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಆ ಸಣ್ಣ ಕತ್ತರಿ ಇರುತ್ತಿತ್ತು.

ಓದು ಬಾರದವರಿಗೆ ಮಾತ್ರೆಯ ಲಕೋಟೆಯ ಮೇಲೆ ಸೂರ್ಯನನ್ನು ಬರೆದು ಕೊಡುತ್ತಿದ್ದರು. ಏಳುವ ಸೂರ್ಯ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯ. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದಿದ್ದ ಒಬ್ಬರು ಕಾರಿನಿಂದಿಳಿದು, ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೇಳಿದಾಗ ಸರ್ ಕೊಡಲಿಲ್ಲ. "ಹೀಂಗ್ ಮಾಡ್ರೆ ಅಂಗಡಿ ನಡೀತಾ ನಿಮ್ದ್?" ಎಂದು ಅವರು ಕೇಳಿದರು. "ನಡೀದಿದ್ರೆ ಪುನಃ ಪಾಠ ಮಾಡುಕ್ ಹೋತೆ" ಎಂದು ಹೇಳಿ ಸರ್ ಮುಂದಿನ ಗಿರಾಕಿಯ ಚೀಟಿಗೆ ಕೈ ಚಾಚಿದರು. ಸರ್ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ವಾರಕ್ಕೆ ಒಂದೆರಡು ದಿನ ನನಗೂ ಸೇರಿಸಿ ಬುತ್ತಿ ಕಳಿಸುತ್ತಿದ್ದರು. ಮೂರು ವರ್ಷ ನಾನು ಆ ಅಂಗಡಿಗೆ ಕೆಲಸಕ್ಕೆ ಹೋಗುವಂತೆ ಹೋಗಲಿಲ್ಲ, ಶಾಲೆಗೆ ಹೋಗುವಂತೆ ಹೋದೆ.

ನಮ್ಮ ಮನೆ ಮರವಂತೆಯ ಹತ್ತಿರ. ಅಪ್ಪಯ್ಯ ಮೀನಿಗೆ ಹೋಗುವವರು. ಒಂದು ಬೆಳಿಗ್ಗೆ ಗಂಗೊಳ್ಳಿಯ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ಅವರ ದೋಣಿ ಮಗುಚಿತು. ಬೇರೆ ದೋಣಿಯವರು ಎಲ್ಲರನ್ನೂ ಎತ್ತಿಕೊಂಡರು. ಅಪ್ಪಯ್ಯ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದು, ಸ್ನಾನ ಮಾಡಿ, ಗಂಜಿ ಉಂಡು, ಮೂರು ದಿನ ಬಿಟ್ಟು ಮತ್ತೆ ಕಡಲಿಗೆ ಹೋದರು. ಅವರಿಗೆ ಏನೂ ಆಗಲಿಲ್ಲ. ಆದದ್ದು ನನಗೆ. ಹದಿನೈದು ದಿನ ಕಳೆದು ಬಸ್ಸು ಅರಾಟೆ ಸೇತುವೆಯ ಮೇಲೆ ಹೋಗುತ್ತಿದ್ದಾಗ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈ ಬೆರಳುಗಳು ಜೋಮು ಹಿಡಿದವು, ಉಸಿರು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ನಾನು ಸಾಯುತ್ತಿದ್ದೇನೆ ಎಂದೇ ಖಾತ್ರಿಯಾಗಿ ಹೆಮ್ಮಾಡಿಯಲ್ಲಿ ಇಳಿದು, ಒಂದು ಅಂಗಡಿಯ ಜಗಲಿಯಲ್ಲಿ ಕೂತೆ. ಮರುವಾರ ಕುಂದಾಪುರದ ಸೇತುವೆಯಲ್ಲಿ. ಆಮೇಲೆ ಮಾಬುಕಳದಲ್ಲಿ. ಬ್ರಹ್ಮಾವರಕ್ಕೆ ಬರಬೇಕಾದರೆ ಇವೆಲ್ಲವನ್ನೂ ದಾಟಬೇಕು. ನನಗೆ ಗೊತ್ತಿರುವ ದಾರಿ ಅದೊಂದೇ.

ಎರಡು ದಿನ ರಜೆ ಹಾಕಿದವಳು ಮೂರನೆಯ ದಿನ ಹೇಗೋ ಬಂದೆ. ಸರ್ ನನ್ನ ಮುಖ ನೋಡಿ, ಸ್ಟೂಲು ಎಳೆದು ಹಾಕಿದರು. "ಕೂಕೊ. ಎಂತ ಆಯ್ತ್ ಹೇಳ್."

ನಾನು ಎಲ್ಲ ಹೇಳಿದೆ. ನಮ್ಮ ಮನೆಯಲ್ಲಿ ಯಾರಿಗೂ ಹೇಳದ್ದನ್ನೂ ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಕೇಳಿ ಮುಗಿದ ಮೇಲೆ ಔಷಧಿ ಡಬ್ಬದ ಒಂದು ರಟ್ಟನ್ನು ಬಿಡಿಸಿ, ಅದರ ಹಿಂಬದಿಯಲ್ಲಿ ಚಿತ್ರ ಬರೆದು ಪಾಠ ಮಾಡಿದರು.

ಮಿದುಳಿನೊಳಗೆ ಬಾದಾಮಿ ಕಾಳಿನಷ್ಟು ದೊಡ್ಡ ಒಂದು ಜಾಗ ಇದೆ, ಅಪಾಯ ಕಂಡರೆ ಕೂಗಿಕೊಳ್ಳುವುದು ಅದರ ಕೆಲಸ ಎಂದರು. ಅಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಯಾವಾಗಲೂ ಮುಂದಕ್ಕೇ ಹೋಗುವುದು. ಆದರೆ ಒಂದು ವಸ್ತು ಮಾತ್ರ ಹಿಂದಕ್ಕೆ ಹೋಗುತ್ತದೆ. ಕೇಳಿಸಿಕೊಂಡ ಕೋಶ ಅದನ್ನು ಆ ಕ್ಷಣಕ್ಕೆ ತಾನೇ ತಯಾರಿಸಿ ಕೂಗಿದ ಕೋಶದ ಬಾಗಿಲಿಗೆ ಕಳಿಸುತ್ತದೆ. "ಸಾಕ್ ಮಾರಾಯ, ಕೇಂಡಿತ್, ಇನ್ನ್ ಕೂಗ್ಬೇಡ ಅಂದೇಳಿ ಹೇಳುದ್ ಅದ್" ಎಂದರು ಸರ್. ಗಾಂಜಾದಲ್ಲಿರುವ ವಸ್ತು ಹೋಗಿ ತಟ್ಟುವುದು ಅದೇ ಬಾಗಿಲನ್ನು. ಗಿಡದ ಸಂಗತಿ ಮೊದಲು ತಿಳಿದದ್ದರಿಂದ ಆ ಬಾಗಿಲಿಗೆ ಗಿಡದ ಹೆಸರೇ ಬಂತು. ನಮ್ಮೊಳಗೇ ಹುಟ್ಟುವ ವಸ್ತುವಿಗೆ ಮಾತ್ರ ಆನಂದ ಎಂಬ ನಮ್ಮ ಶಬ್ದದಿಂದ ಹೆಸರಿಟ್ಟಿದ್ದಾರೆ, ಆನಂದಮೈಡ್. ಇದನ್ನು ಹೇಳುವಾಗ ಅವರ ಮುಖದಲ್ಲಿ, ಆ ಹೆಸರನ್ನು ತಾವೇ ಇಟ್ಟಷ್ಟು ಸಂತೋಷವಿತ್ತು.

"ಹಾಂಗಾರೆ ಗಾಂಜಾ ಸೇದ್ರೆ ಹೆದ್ರಿಕೆ ಹೋತ್ತಾ ಸರ್?"

"ಇಲ್ಲೆ. ಸ್ವಲ್ಪಕ್ಕೆ ಸಡಿಲ ಆದಾಂಗ್ ಕಾಣತ್ತ್, ಜಾಸ್ತಿ ಆದ್ರೆ ಇದ್ದ ಹೆದ್ರಿಕೆ ದುಪ್ಪಟ್ಟ್. ಹೊರಗಿಂದ್ ಬಂದದ್ ಎಲ್ಲಾ ಬಾಗ್ಲನ್ನೂ ಒಟ್ಟಿಗೆ ಬಡಿತ್ತ್. ಒಳಗಿಂದ್ ಬೇಕಾದ ಒಂದೇ ಬಾಗ್ಲಿಗೆ ಹೋತ್ತ್." ಒಳಗಿನದನ್ನು ದೇಹ ಬೇಗ ಒಡೆದು ಹಾಕುತ್ತದೆ, ಒಡೆಯುವುದನ್ನು ತಡೆದರೆ ಹೆದರಿಕೆ ಇಳಿಯಬಹುದು ಎಂದು ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ, ಆದರೆ ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲಿ ಆಗಿಲ್ಲ ಎಂದೂ ಹೇಳಿದರು. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದವರಲ್ಲ.

ಕುಂದಾಪುರದಲ್ಲಿ ಒಳ್ಳೆಯ ಮನೋವೈದ್ಯರಿದ್ದಾರೆ, ತೋರಿಸು ಎಂದರು. ನಾನು ಒಪ್ಪಲಿಲ್ಲ. ಆ ಮಾತ್ರೆಗಳನ್ನು ಕೊಳ್ಳಲು ಬರುವವರು ಬೇರೆ ಗಿರಾಕಿ ಹೋಗುವ ತನಕ ಕಾಯುವುದನ್ನು, ಲಕೋಟೆಯನ್ನು ಸೀರೆಯ ಮಡಿಕೆಯಲ್ಲಿ ಅಡಗಿಸುವುದನ್ನು ನಾನು ದಿನವೂ ಕೌಂಟರಿನ ಈಚೆಯಿಂದ ನೋಡಿದವಳು. ಆಚೆ ಬದಿಗೆ ಹೋಗಿ ನಿಲ್ಲಲು ನನ್ನಿಂದಾಗಲಿಲ್ಲ. "ತಲೆ ಮಾತ್ರೆ ಮಾತ್ರ ಬೇಡ ಸರ್" ಎಂದೆ. ಅವರು ರಟ್ಟನ್ನು ಮಡಚಿ ಪಕ್ಕಕ್ಕಿಟ್ಟರು.

ಒಂದು ವಾರ ಬಿಟ್ಟು ಕಂದು ಬಣ್ಣದ ಒಂದು ಸಣ್ಣ ಬಾಟಲಿ ಕೊಟ್ಟರು. ಲೇಬಲ್ ಇರಲಿಲ್ಲ. ಗಾಂಜಾದ ಜಾತಿಯದೇ ಗಿಡದ ಎಣ್ಣೆ, ಅಮಲು ಬರುವ ಅಂಶ ಇಲ್ಲದ್ದು, ತೆಂಗಿನೆಣ್ಣೆಯಲ್ಲಿ ತಾವೇ ಹದ ಮಾಡಿದ್ದು, ಒಳಗಿನ ಆನಂದಮೈಡ್ ಬೇಗ ಒಡೆಯದಂತೆ ಕಾಯುತ್ತದೆ ಎಂದರು. ಬೆಳಿಗ್ಗೆ ಐದು ಹನಿ, ಸಂಜೆ ಐದು ಹನಿ, ನಾಲಿಗೆಯ ಅಡಿಗೆ. ಏನು ಹಾಕಿದ್ದೀರಿ, ಎಷ್ಟು ಹಾಕಿದ್ದೀರಿ ಎಂದು ನಾನು ಕೇಳಲಿಲ್ಲ. ಬೇರೆ ಯಾರು ಕೊಟ್ಟಿದ್ದರೂ ಕೇಳುತ್ತಿದ್ದೆ.

ಮೊದಲ ಬಾಟಲಿಯಿಂದ ಏನೂ ಆಗಲಿಲ್ಲ. ಮಿದುಳಿಗೆ ಸ್ವಲ್ಪ ಸಮಯ ಕೊಡು ಎಂದರು. ಎರಡನೆಯ ಬಾಟಲಿ ಬಾಯಿಗೆ ಕಹಿಯಾಗಿತ್ತು. ಈ ಸಲ ಸಾರ ಗಟ್ಟಿ ಮಾಡಿದ್ದೇನೆ, ಅದಕ್ಕೇ ಕಹಿ ಎಂದರು. ಮೂರನೆಯ ದಿನಕ್ಕೆ ನನ್ನ ಭುಜಗಳು ಇಳಿದವು. ಒಂದು ವಾರದಲ್ಲಿ, ಯಾರೋ ಹಿಂದಿನಿಂದ ಹಿಡಿದುಕೊಂಡಿದ್ದವರು ಕೈ ಬಿಟ್ಟಂತೆ ಆಯಿತು.

ಅಷ್ಟಕ್ಕೇ ಬಿಡಲಿಲ್ಲ ಅವರು. ಹೆದರಿಕೆಯನ್ನು ಮರೆಯುವುದೂ ಒಂದು ಕಲಿಕೆ, ಮಿದುಳು ಅದನ್ನು ಕಲಿಯುವುದಕ್ಕೂ ಆ ವಸ್ತುವೇ ಬೇಕು, ಆದರೆ ಸೇತುವೆಗೆ ಹೋಗದೆ ಮನೆಯಲ್ಲಿ ಕೂತರೆ ಕಲಿಯುವುದೆಲ್ಲಿ ಎಂದು ಐದು ಭಾನುವಾರ ನನ್ನ ಜೊತೆ ಬಸ್ಸಿನಲ್ಲಿ ಕೂತರು. ಕುಂದಾಪುರದಿಂದ ತ್ರಾಸಿಗೆ, ತ್ರಾಸಿಯಿಂದ ಕುಂದಾಪುರಕ್ಕೆ. ನಾನು ಕಿಟಕಿಯ ಪಕ್ಕ, ಅವರು ಈಚೆ. ಸೇತುವೆ ಬಂದಾಗ ಅವರು ಸಮಾಧಾನದ ಮಾತು ಆಡುತ್ತಿರಲಿಲ್ಲ. "ನೀರ್ ಕಾಣ್. ಎಷ್ಟ್ ದೋಣಿ ಇತ್ತ್ ಹೇಳ್" ಎನ್ನುತ್ತಿದ್ದರು. ಅರವತ್ತು ದಾಟಿದ, ಮಂಡಿ ನೋವಿನ ಮನುಷ್ಯ. ಆರನೆಯ ಭಾನುವಾರ ನಾನು ಒಬ್ಬಳೇ ಹೋಗಿ ಬಂದೆ. ಅವರು ಕುಂದಾಪುರದ ನಿಲ್ದಾಣದಲ್ಲಿ ಕಾಯುತ್ತಿದ್ದರು. ನನ್ನನ್ನು ಕಂಡು ಕಣ್ಣೊರೆಸಿಕೊಂಡರು. ಅದು ನಟನೆ ಎಂದು ಈಗಲೂ ನನಗೆ ಹೇಳಲಾಗುವುದಿಲ್ಲ.

ಆಮೇಲೆ ಆ ಬಾಟಲಿಗಳು ನನ್ನೊಬ್ಬಳದೇ ಆಗಿ ಉಳಿಯಲಿಲ್ಲ. ನಿದ್ದೆ ಬಾರದವರು, ಎದೆ ಹೊಡೆದುಕೊಳ್ಳುವವರು, ಸುಮ್ಮನೆ ಗಾಬರಿಯಾಗುವವರು ಒಬ್ಬರ ಬಾಯಿಂದ ಒಬ್ಬರು ಕೇಳಿ ಬರತೊಡಗಿದರು. ಏಳು ಜನ ಖಾಯಂ ಆದರು. ಸರ್ ಅವರಿಗೂ ರಟ್ಟಿನ ಮೇಲೆ ಬಾದಾಮಿಯ ಚಿತ್ರ ಬರೆದರು. ಪಾಠ ಕೇಳಲು ಮತ್ತೆ ಜನ ಸಿಕ್ಕಿದ್ದಕ್ಕೆ ಅವರ ಬೆನ್ನು ನೆಟ್ಟಗಾಯಿತು. ಬಾಟಲಿ ಕೈಗೆ ಕೊಡುತ್ತಿದ್ದವಳು ನಾನು. "ನಾನೂ ಇದನ್ನೇ ತಕಂತೆ, ಹೆದ್ರುಬೇಡಿ" ಎನ್ನುತ್ತಿದ್ದವಳೂ ನಾನೇ.

ಎಂಟನೆಯವಳು ನನ್ನ ಚಿಕ್ಕಮ್ಮ. ಚಿಕ್ಕಪ್ಪ ಹೋದಂದಿನಿಂದ ಅವಳಿಗೆ ಎದೆಯಲ್ಲಿ ಡವಡವ. ಬೆಳಗಾಗುವಾಗ ಬಂದರಿಗೆ ಹೋಗಿ ಮೀನು ತಂದು ಮಾರುವವಳು. ನಾನೇ ಬಾಟಲಿ ಒಯ್ದು ಕೊಟ್ಟೆ. ಒಂದೆರಡು ತಿಂಗಳು ಚೆನ್ನಾಗಿಯೇ ಇದ್ದಳು. ಆಮೇಲೆ ಒಂದು ದಿನ ಮೀನಿನ ಬುಟ್ಟಿ ಹೊತ್ತವಳು ಬಂದರಿನ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೆಟ್ಟಿಲು ಪಾಚಿಗಟ್ಟಿತ್ತು ಎಂದರು ಎಲ್ಲರೂ. ಅದೇ ಮೆಟ್ಟಿಲಲ್ಲಿ ಮೂವತ್ತು ವರ್ಷ ಹತ್ತಿ ಇಳಿದವಳು ಅವಳು. ನಾನೂ ಪಾಚಿಯೇ ಎಂದುಕೊಂಡೆ.

ಮರು ತಿಂಗಳು ಸರ್ ಮತ್ತು ಅಕ್ಕ ನೆಂಟರ ಮದುವೆಗೆ ಮುಂಬೈಗೆ ಹೋದರು. ಹತ್ತು ದಿನ ಅಂಗಡಿ ನನ್ನ ಕೈಯಲ್ಲಿ. ಹೋಗುವ ಮುಂಚೆ ಎಲ್ಲರಿಗೂ ಬಾಟಲಿ ಕೊಟ್ಟಿದ್ದರು. ನನ್ನದು ಕೈಜಾರಿ ಒಡೆದುಹೋಯಿತು. ಗಿಡದ ಎಣ್ಣೆ ತಾನೇ, ಹತ್ತು ದಿನ ಇಲ್ಲದಿದ್ದರೆ ಏನಾಗುತ್ತದೆ ಎಂದುಕೊಂಡೆ. ಎರಡನೆಯ ದಿನ ಕೈ ನಡುಗಲು ಶುರುವಾಯಿತು. ಮೂರನೆಯ ದಿನ ಬೆಳಕು ಚುಚ್ಚಿತು, ಶಟರಿನ ಶಬ್ದಕ್ಕೆ ಮೈಯೆಲ್ಲ ಬೆವರಿತು. ಸೇತುವೆಯ ಮೇಲೆ ಬರುತ್ತಿದ್ದ ಹೆದರಿಕೆಗೆ ಕೊನೆಯಿತ್ತು, ಇದಕ್ಕೆ ಇರಲಿಲ್ಲ. ನಾಲ್ಕನೆಯ ದಿನ ಅಂಗಡಿ ಮುಚ್ಚಿ ಕುಂದಾಪುರದ ಆ ಮನೋವೈದ್ಯರ ಹತ್ತಿರ ಹೋದೆ.

ಅವರು ನನ್ನ ಚಾಚಿದ ಬೆರಳುಗಳನ್ನು ನೋಡಿ, "ನಿದ್ದೆ ಮಾತ್ರೆ ತಗೊಳ್ತಾ ಇದ್ರಾ?" ಎಂದು ಕೇಳಿದರು. ಇಲ್ಲ ಎಂದೆ. ಎಣ್ಣೆಯ ಸಂಗತಿ ಹೇಳಿದೆ. ಅವರು ಮೂತ್ರ ಪರೀಕ್ಷೆ ಮಾಡಿಸಿದರು. ಒಡೆದ ಬಾಟಲಿಯ ಬುಡದಲ್ಲಿ ಉಳಿದದ್ದನ್ನೂ ತರಿಸಿಕೊಂಡು ಪರೀಕ್ಷೆಗೆ ಕಳಿಸಿದರು. ಬಂದ ಹೆಸರು ನನಗೆ ಹೊಸದಲ್ಲ. ಆಲ್ಪ್ರಜೋಲಾಮ್, ಗಾಬರಿಗೂ ನಿದ್ದೆಗೂ ಕೊಡುವ, ಚಟ ಹಿಡಿಸುವ ಮಾತ್ರೆ. ನಮ್ಮ ಅಂಗಡಿಯಲ್ಲಿ ಬೀಗ ಹಾಕಿದ ಕಪಾಟಿನಲ್ಲಿ ಇರುವಂಥದ್ದು. ಬೀಗದ ಕೈ ಸರ್ ಹತ್ತಿರ.

"ನೀವು ಫಾರ್ಮಸಿಸ್ಟ್ ಅಲ್ವಾ?" ಎಂದರು ವೈದ್ಯರು. ಬೈಯುವ ದನಿಯಲ್ಲಿ ಅಲ್ಲ. ಅವರು ಸಣ್ಣ ಪ್ರಮಾಣದಲ್ಲಿ ಅದೇ ಮಾತ್ರೆಯನ್ನು ಬರೆದು, ವಾರದಿಂದ ವಾರಕ್ಕೆ ಇಳಿಸುವ ಕ್ರಮ ಹೇಳಿ, ಹೆದರಿಕೆಗೆಂದೇ ಬೇರೆ ಮಾತ್ರೆ ಶುರು ಮಾಡಿದರು. ಆ ಮಾತ್ರೆಯನ್ನು ನಾನು ಕುಂದಾಪುರದ ಒಂದು ಅಂಗಡಿಯಲ್ಲಿ, ನಾಲ್ಕು ಜನರ ಎದುರಿಗೆ ನಿಂತು ಕೊಂಡೆ. ಅದಕ್ಕಾಗಿ ಅಷ್ಟೆಲ್ಲ ಸುತ್ತಬೇಕಾಗಿರಲಿಲ್ಲ.

ಮುಂಬೈಯಿಂದ ಬಂದ ಮರುದಿನ ಸರ್ ಅಂಗಡಿಗೆ ಬಂದಾಗ ಪರೀಕ್ಷೆಯ ಕಾಗದವನ್ನು ಕೌಂಟರಿನ ಮೇಲೆ ಇಟ್ಟೆ. ಅವರು ಅದನ್ನು ಓದಿ, ಮಡಚಿ, ನನ್ನ ಕಡೆಗೇ ಸರಿಸಿದರು. ಸುಳ್ಳು ಹೇಳಲಿಲ್ಲ.

"ಮೊದಲ್ನೇ ಬಾಟ್ಲಿ ಹೇಳ್ದಾಂಗೇ ಮಾಡಿದ್ದೆ. ಅದ್ ಎಂತದೂ ಮಾಡ್ಲಿಲ್ಲೆ. ನೀ ಕೆಲ್ಸ ಬಿಡುವಂಗಾಗಿದ್ದೆ. ಮಾತ್ರೆ ತಕಂತಿಲ್ಲೆ ಅಂದ್ಳು ನೀನೇ ಅಲ್ದಾ?"

"ನಂಗೆ ಹೇಳಿ ಕೊಡ್ಲಕ್ಕಿತ್ತಲೆ ಸರ್."

"ಹೇಳಿದ್ರೆ ನೀ ತಕಣ್ತಿರ್ಲಿಲ್ಲೆ."

"ಸರಿ, ನಂಗ್ ಹಾಂಗಾಯ್ತ್. ಉಳ್ದವ್ರಿಗೆ?"

ಅವರು ಕಿಸೆಯಿಂದ ಪೆನ್ನು ತೆಗೆದರು, ಮತ್ತೆ ಇಟ್ಟರು. "ಎಲ್ಲಾರಿಗೂ ಗುಣ ಆತಿತ್ತಲೆ" ಎಂದರು ಕೊನೆಗೆ. ಆ ಮಾತಿನಲ್ಲಿ ಪಶ್ಚಾತ್ತಾಪಕ್ಕಿಂತ ಬೇಸರ ಜಾಸ್ತಿಯಿತ್ತು, ಚೆಂದ ನಡೆಯುತ್ತಿದ್ದ ಪಾಠವನ್ನು ಯಾರೋ ಬಂದು ನಿಲ್ಲಿಸಿದ ಹಾಗೆ.

ಚಿಕ್ಕಮ್ಮ ಬಿದ್ದದ್ದನ್ನು ಹೇಳಿದೆ. ವಯಸ್ಸಾದವರಿಗೆ ಈ ಮಾತ್ರೆಯಿಂದ ಕಾಲು ತಪ್ಪುತ್ತದೆ ಎಂದು ನಮಗೆ ತರಗತಿಯಲ್ಲಿ ಕಲಿಸಿದವರು ಅವರೇ. ಆಗ ಅವರು ಹೋಗಿ ಕಪಾಟಿನ ಬೀಗ ತೆಗೆದರು. ಮಾಡಿಟ್ಟಿದ್ದ ಎಣ್ಣೆಯನ್ನೆಲ್ಲ ನನ್ನ ಎದುರಿಗೇ ಹಾಳು ಮಾಡಿದರು. "ಮನೇಲಿ ಅಕ್ಕನಿಗೂ ಕೊಡ್ತಿದ್ರ್ಯಾ?" ಎಂದು ಕೇಳಿದೆ. "ಇಲ್ಲೆ" ಎಂದರು. ನನ್ನ ಕಣ್ಣು ನೋಡಿಯೇ ಹೇಳಿದರು.

ಇಷ್ಟು ದಿನ ಕುಡಿದವರು ತಟ್ಟನೆ ನಿಲ್ಲಿಸಿದರೆ ಅಪಾಯ. ಎಂಟೂ ಜನರಿಗೆ ಯಾರಾದರೂ ಹೇಳಲೇಬೇಕಿತ್ತು. "ನೀವೇ ಬನ್ನಿ ಸರ್" ಎಂದೆ. "ನನ್ನಿಂದ ಆಪುದಲ್ಲ" ಎಂದರು. ನಾನೊಬ್ಬಳೇ ಹೋದೆ. ಸಾಸ್ತಾನದಲ್ಲಿ ಇಬ್ಬರು, ಬ್ರಹ್ಮಾವರದ ಸುತ್ತಮುತ್ತ ಐವರು. ಎಲ್ಲ ಕಡೆಯೂ ಅದೇ ಮಾತು: ಇದು ಗಿಡದ ಎಣ್ಣೆಯಲ್ಲ, ಇದರಲ್ಲಿ ಈ ಮಾತ್ರೆ ಇದೆ, ಒಮ್ಮೆಲೇ ನಿಲ್ಲಿಸಬೇಡಿ, ಈ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಒಬ್ಬರು ಬೈದರು. ಒಬ್ಬರು ನಂಬಲೇ ಇಲ್ಲ, ಸರ್ ಮೇಲಿನ ಹೊಟ್ಟೆಕಿಚ್ಚಿಗೆ ನಾನು ಹೀಗೆ ಮಾಡುತ್ತಿದ್ದೇನೆ ಎಂದರು. ಒಬ್ಬ ಹೆಂಗಸು, "ನೀವೂ ತಕಂತೆ ಅಂದಿದ್ರಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಕೊನೆಗೆ ಚಿಕ್ಕಮ್ಮನ ಹತ್ತಿರ ಹೋದೆ. ಅವಳು ಮಂಚದಲ್ಲಿ ಒರಗಿದ್ದಳು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: "ನಾ ಆ ಸರ್‌ನ ಕಂಡದ್ದೇ ಇಲ್ಲೆ ಹೆಣೆ. ಅವ್ರ್ ಕರಿಯೋ ಬಿಳಿಯೋ ನಂಗೊತ್ತಿಲ್ಲೆ. ನೀ ಕೊಟ್ಟೆ ಅಂದೇಳಿ ಕುಡ್ದದ್ದ್."

ನಾನು ಸರ್ ಮೇಲೆ ದೂರು ಕೊಡಲಿಲ್ಲ. ಎರಡು ಸಲ ಕಾಗದ ಬರೆದೆ, ಕಳಿಸಲಿಲ್ಲ. ಬಸ್ಸಿನ ಆರು ಭಾನುವಾರಗಳು ಅಡ್ಡ ಬಂದವು. ಅದು ಸರಿ ಎಂದು ನಾನು ವಾದ ಮಾಡುವುದಿಲ್ಲ. ಒಂದು ತಿಂಗಳೊಳಗೆ ಅವರೇ ಮಂಡಿ ನೋವಿನ ನೆಪ ಹೇಳಿ ಅಂಗಡಿ ಮುಚ್ಚಿದರು. ನಾನು ಬೈಂದೂರಿನಲ್ಲಿ ಕೆಲಸ ಹಿಡಿದೆ. ಚಿಕ್ಕಮ್ಮ ಕೋಲು ಹಿಡಿದು ಓಡಾಡುತ್ತಾಳೆ, ಮೀನು ಮಾರುವುದು ನಿಂತಿತು. ನನ್ನ ಮಾತ್ರೆ ನಿಂತು ವರ್ಷವಾಯಿತು, ಸೇತುವೆ ದಾಟುತ್ತೇನೆ. ಅಂದು ನನ್ನನ್ನು ದಾಟಿಸಿದ್ದು ಬಾಟಲಿಯೊಳಗಿನ ಮಾತ್ರೆಯೋ, ದೋಣಿ ಎಣಿಸಿದ್ದೋ, ಪಕ್ಕದಲ್ಲಿ ಕೂತ ಮನುಷ್ಯನೋ ಎಂಬುದು ನನಗೆ ಗೊತ್ತಿಲ್ಲ. ಗುಣವಾದದ್ದನ್ನು ನನ್ನದು ಎಂದುಕೊಳ್ಳಲೂ ಅವರು ಬಿಡಲಿಲ್ಲ. ಅವರ ಮೇಲೆ ನನಗಿರುವ ಸಿಟ್ಟಿನಲ್ಲಿ ದೊಡ್ಡ ಪಾಲು ಇದರದ್ದು.

ಸರ್ ಹೋಗಿ ಇಪ್ಪತ್ತು ದಿನವಾದಾಗ ಅಕ್ಕ ಬೈಂದೂರಿನ ಅಂಗಡಿಗೆ ಬಂದರು. ಬ್ರಹ್ಮಾವರದಿಂದ ಬಸ್ಸು ಹಿಡಿದು ಒಬ್ಬರೇ ಬಂದಿದ್ದರು. ಉತ್ತರಕ್ರಿಯೆಗೂ ನಾನು ಹೋಗಿರಲಿಲ್ಲ. ಏನು ಕೇಳುತ್ತಾರೋ ಎಂದು ಎದ್ದು ನಿಂತೆ. ಅವರು ಆ ಸುದ್ದಿಯನ್ನೇ ಎತ್ತಲಿಲ್ಲ. ಚೀಲದಿಂದ ಕಂದು ಬಣ್ಣದ ಒಂದು ಖಾಲಿ ಬಾಟಲಿ ತೆಗೆದು ಕೌಂಟರಿನ ಮೇಲೆ ಇಟ್ಟರು. ಇಡುವಾಗ ಅದು ಗಾಜಿಗೆ ತಾಗಿ ಕಟಕಟ ಎಂದಿತು, ಅವರ ಕೈ ಅಷ್ಟು ನಡುಗುತ್ತಿತ್ತು.

"ಇದ್ ಮುಗ್ದ್ ಮೂರ್ ದಿನ ಆಯ್ತ್. ಅವ್ರೇ ಮಾಡಿ ಕೊಡ್ತಿದ್ದದ್ದ್, ನಾಕ್ ವರ್ಷದಿಂದ. ಇದಿಲ್ದಿದ್ರೆ ನಂಗೆ ಕೂಕಂಬುಕೂ ಆತ್ತಿಲ್ಲೆ. ನಿಂಗ್ ಮಾಡುಕ್ ಬತ್ತಾ ಮಗಾ?"

ಅಂಗಡಿ ಮುಚ್ಚಿದ ಮೇಲೂ ಮನೆಯಲ್ಲಿ ಮಾಡುತ್ತಿದ್ದರು. ನಾನು ಕೇಳಿದ ದಿನವೂ ಕೊಡುತ್ತಿದ್ದರು. ನಾನು ಮೊದಲ ಬಾಟಲಿ ಕುಡಿದು ಈಗ ಮೂರು ವರ್ಷ, ಅದಕ್ಕೂ ಮುಂಚಿನಿಂದಲೇ ಕೊಡುತ್ತಿದ್ದರು. ಎರಡನೆಯ ಬಾಟಲಿಗೆ ಏನು ಸೇರಿಸಿದರೆ ಕೆಲಸವಾಗುತ್ತದೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು.

ಅಕ್ಕನನ್ನು ಒಳಗೆ ಕರೆದು ಕೂರಿಸಿದೆ. ನೀರು ಕೊಟ್ಟೆ. ಆಮೇಲೆ ಎಂಟು ಮನೆಗಳಲ್ಲಿ ಹೇಳಿದ್ದನ್ನು ಮತ್ತೊಮ್ಮೆ ಹೇಳಿದೆ, ಅದೇ ಕ್ರಮದಲ್ಲಿ, ಒಂದನ್ನೂ ಬಿಡದೆ. ಅವರು ನನ್ನನ್ನು ಬೈಯಲಿಲ್ಲ, ನಂಬುವುದಿಲ್ಲ ಎನ್ನಲೂ ಇಲ್ಲ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಹೊರಗೆ ಯಾರೋ ಮದ್ದು ಕೇಳಿದರು, ಇನ್ನೊಬ್ಬರು ಹೋಗಿ ಕೊಟ್ಟರು.

"ಈಗ್ಲೇ ಕುಂದಾಪುರಕ್ಕೆ ಡಾಕ್ಟ್ರ ಹತ್ರ ಹೋಪ ಅಕ್ಕ. ನಾನೂ ಬತ್ತೆ" ಎಂದೆ.

ಅವರು ಎದ್ದರು. ಸೆರಗು ಸರಿಮಾಡಿಕೊಂಡರು. ಬಾಗಿಲ ತನಕ ಬಂದವರು ನಿಂತು, ನನ್ನ ಕಡೆ ತಿರುಗಿ ಕೇಳಿದರು:

"ನಾ ಅವ್ರಿಗೆ ಎಂತಕ್ಕೂ ಇಲ್ಲೆ ಅಂದವ್ಳಲ್ಲ. ಮಾತ್ರೆ ಅಂದೇಳಿ ಕೊಟ್ಟಿದ್ರೂ ತಕಂತಿದ್ದೆ. ಮತ್ತ್ ನಂಗ್ಯಾಕೆ ಹೇಳ್ಲಿಲ್ಲೆ?"